ಕಿತ್ತಳೆಗೆ ಬ್ಯಾಕ್ಟೀರಿಯಾ ಸವರಿದ ವರ್ಷಗಳು

ಬೋಣಿಯ ಹೊತ್ತಿನಲ್ಲಿ ಕೊಳೆತ ಹಣ್ಣು ಕೇಳಿಕೊಂಡು ಬರುವವಳನ್ನು ಯಾವ ಹಣ್ಣಿನಂಗಡಿಯವರೂ ಸಹಿಸುವುದಿಲ್ಲ. ಇದು ನನಗೆ ಗೊತ್ತಾದದ್ದು ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲದ ಬೆಳಿಗ್ಗೆ, ಹೊಸಹಳ್ಳಿಯಲ್ಲಿ. ರಸ್ತೆ ಪಕ್ಕ ಗೋಣಿತಾಟಿನ ನೆರಳು ಕಟ್ಟಿಕೊಂಡು ಕಿತ್ತಳೆ, ಸೀಬೆ, ಬಾಳೆ ಮಾರುತ್ತಿದ್ದ ಹೆಂಗಸೊಬ್ಬಳ ಮುಂದೆ ನಿಂತು, "ಅಕ್ಕ, ಬೂಷ್ಟು ಹಿಡಿದಿರೋ ಕಿತ್ತಳೆ ಇದ್ರೆ ಕೊಡ್ತೀರಾ?" ಅಂದೆ.

ಆಕೆ ತಕ್ಕಡಿಗೆ ಊದುಬತ್ತಿ ಬೆಳಗುತ್ತಿದ್ದವಳು ಹಾಗೇ ತಿರುಗಿ ನೋಡಿದಳು.

"ಏನಮ್ಮ, ನೋಡೋಕೆ ಓದಿರೋಳ ಥರ ಇದೀಯ. ಇನ್ನೂ ಒಂದು ಹಣ್ಣು ಮಾರಿಲ್ಲ ನಾನು. ಬಂದು ಬಂದು ಕೊಳ್ತಿರೋದು ಕೊಡು ಅಂತೀಯಲ್ಲ! ಆಚೆ ಹೋಗು, ಆಮೇಲೆ ಬಾ."

ಆಮೇಲೆ ಹೋದೆ. ಮಾರನೆಯ ದಿನವೂ ಹೋದೆ. ಕೊನೆಗೆ ಆಕೆ ಬೇಸರದಿಂದಲೋ ಕುತೂಹಲದಿಂದಲೋ ಹಸುವಿಗೆಂದು ಎತ್ತಿಟ್ಟಿದ್ದ ಕುಕ್ಕೆಯನ್ನೇ ನನ್ನ ಕಡೆ ತಳ್ಳಿದಳು. ಅದರ ತುಂಬ ಹಸಿರು ಪುಡಿ ಮೆತ್ತಿಕೊಂಡ ಹಣ್ಣುಗಳು. ಕಿತ್ತಳೆಯ ಬೂಷ್ಟನ್ನು ನೋಡದವರಿಲ್ಲ. ಮೊದಲು ಸಿಪ್ಪೆಯ ಮೇಲೊಂದು ಮೆತ್ತನೆಯ ಕಲೆ, ಆಮೇಲೆ ಬಿಳಿ, ಆಮೇಲೆ ಪಾಚಿ ಬಣ್ಣದ ಪುಡಿ. ಮುಟ್ಟಿದರೆ ಹೊಗೆಯ ಹಾಗೆ ಏಳುತ್ತದೆ, ಪಕ್ಕದ ಹಣ್ಣಿನಲ್ಲಿ ಎಲ್ಲಾದರೂ ಉಗುರು ಗೀರಿದ ಗಾಯವಿದ್ದರೆ ಅಲ್ಲಿ ಹೋಗಿ ಕೂರುತ್ತದೆ.

ನಾನಾಗ ಕೆಂಗೇರಿಯ ಆಚೆ ಇದ್ದ ಒಂದು ಚಿಕ್ಕ ಸಂಶೋಧನಾ ಕೇಂದ್ರದಲ್ಲಿ ಪಿಎಚ್‌.ಡಿ. ವಿದ್ಯಾರ್ಥಿನಿ. ಈಗ ಆ ಕೇಂದ್ರವೂ ಇಲ್ಲ, ಕಟ್ಟಡವೂ ಇಲ್ಲ. ವಿಜಯನಗರದ ಮನೆಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನನ್ನ ಗೈಡ್ ಮೇಷ್ಟ್ರ ಕೆಲಸ ಹಣ್ಣಿನ ಬೂಷ್ಟಿಗೆ ಒಂದು ಕಂಪನಿ ತಯಾರಿಸುತ್ತಿದ್ದ ರಾಸಾಯನಿಕ ಪುಡಿಯನ್ನು ಪರೀಕ್ಷಿಸುವುದು. ಆ ಪುಡಿಯನ್ನು ಎಷ್ಟು ನೀರಿಗೆ ಎಷ್ಟು ಕಲಸಿದರೆ ಬೂಷ್ಟು ಸಾಯುತ್ತದೆ ಎಂದು ಗಾಜಿನ ತಟ್ಟೆಗಳಲ್ಲಿ ನೋಡಿ ಹೇಳುವುದು ನನ್ನ ಪಾಲಿಗೆ ಬಂದದ್ದು. ಅದಕ್ಕೆ ಬೇಕಾದ ಬೂಷ್ಟು ಕೇಂದ್ರದಲ್ಲೇ ಒಂದು ಬಾಟಲಿಯಲ್ಲಿತ್ತು. ಎಷ್ಟೋ ವರ್ಷಗಳಿಂದ ತಟ್ಟೆಯಿಂದ ತಟ್ಟೆಗೆ ದಾಟಿಸುತ್ತ ಸಾಕಿದ ಬೂಷ್ಟು ಅದು. ಬೀದಿಯ ಹಣ್ಣಿನ ಬೂಷ್ಟಿನ ಮೇಲೂ ಈ ಪುಡಿ ಹಾಗೇ ಕೆಲಸ ಮಾಡುತ್ತದೆಯೇ ಎಂಬ ಅನುಮಾನ ನನಗೆ ಹುಟ್ಟಿತ್ತು. ಕುಕ್ಕೆ ಹೊತ್ತುಕೊಂಡು ಬಸ್ಸು ಹತ್ತಿದ್ದು ಅದಕ್ಕೇ. ಕಂಡಕ್ಟರ್ ಮೂಗು ಮುಚ್ಚಿಕೊಂಡೇ ಟಿಕೆಟ್ ಹರಿದ.

ಆ ಕುಕ್ಕೆ ನನಗೆ ಎರಡು ಸಂಗತಿ ತೋರಿಸಿತು.

ಮೊದಲನೆಯದು, ಬೀದಿಯ ಬೂಷ್ಟು ಪುಡಿಗೆ ಹೆದರಲಿಲ್ಲ. ಪುಡಿ ಬೆರೆಸಿದ ತಟ್ಟೆಯಲ್ಲಿ ಕೇಂದ್ರದ ಹಳೆಯ ಬೂಷ್ಟು ಸತ್ತು ಬಿದ್ದರೆ ಹೊಸಹಳ್ಳಿಯ ಬೂಷ್ಟು ಗರಿಕೆಯ ಹಾಗೆ ಹಬ್ಬಿತು. ತೋಟಗಳಲ್ಲಿ, ಮಂಡಿಗಳಲ್ಲಿ ಅಂಥ ಪುಡಿ ಕುಡಿದು ಕುಡಿದು ಅದು ಬಗ್ಗದ ಹಾಗೆ ಆಗಿಬಿಟ್ಟಿತ್ತು.

ಎರಡನೆಯದು, ಆ ಕುಕ್ಕೆಯ ನಡುವೆ ಕೊಳೆತ ಹಣ್ಣುಗಳಿಗೆ ಅಂಟಿಕೊಂಡು, ಮೈತುಂಬ ಹಸಿರು ಪುಡಿ ಬಳಿದುಕೊಂಡು ಒಂದು ಕಿತ್ತಳೆ ಗಟ್ಟಿಯಾಗಿ ಉಳಿದಿತ್ತು. ಅದರ ಸಿಪ್ಪೆಯ ಮೇಲೂ ಗೀರು ಇತ್ತು. ಬೂಷ್ಟು ಒಳಗೆ ಹೋಗಿರಲಿಲ್ಲ. ಯಾಕೆ?

ಅದರ ಸಿಪ್ಪೆ ತೊಳೆದ ನೀರನ್ನು ಚೆನ್ನಾಗಿ ಕಾಯಿಸಿದೆ. ಹಾಗೆ ಕಾಯಿಸಿದರೆ ಬೂಷ್ಟೂ ಉಳಿದ ಬಹಳಷ್ಟು ಜೀವಿಗಳೂ ಸಾಯುತ್ತವೆ. ಕೆಲವು ಬ್ಯಾಕ್ಟೀರಿಯಾಗಳು ಮಾತ್ರ ಗಟ್ಟಿ ಕವಚದೊಳಗೆ ಮುದುಡಿ ಬದುಕಿಕೊಳ್ಳುತ್ತವೆ. ತಟ್ಟೆಯ ಮೇಲೆ ಹರಡಿದಾಗ ಮಂಕು ಬಿಳಿಯ, ಸುಕ್ಕುಗಟ್ಟಿದ, ನೋಡಲು ಒಂದಿಷ್ಟೂ ಚಂದವಿಲ್ಲದ ಒಂದು ಬ್ಯಾಕ್ಟೀರಿಯಾ ಬೆಳೆಯಿತು. ಅದರ ಪಕ್ಕ ಬೀದಿಯ ಬೂಷ್ಟನ್ನು ಇಟ್ಟೆ. ಬೂಷ್ಟು ತಟ್ಟೆಯ ಮುಕ್ಕಾಲು ಭಾಗ ಹಬ್ಬಿ, ಇದರ ಸಮೀಪಕ್ಕೆ ಬರುತ್ತಲೇ ನಿಂತುಬಿಟ್ಟಿತು. ಎರಡರ ನಡುವೆ ಏನೂ ಬೆಳೆಯದ ಒಂದು ಬೋಳು ಜಾಗ. ಆ ಬೋಳು ಜಾಗವನ್ನು ನೋಡುತ್ತ ಕೂತಿದ್ದವಳಿಗೆ ಬಸ್ಸು ತಪ್ಪಿಹೋದದ್ದೂ ತಿಳಿಯಲಿಲ್ಲ.

ತಟ್ಟೆಗಳನ್ನು ಎತ್ತಿಕೊಂಡು ಗೈಡ್ ಬಳಿ ಓಡಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಪುಡಿ ತಟ್ಟೇಲಿ ಬೆಳೆದಿರೋದು ನಿನ್ನ ಕೈ ಗಲೀಜು. ಸರಿಯಾಗಿ ಮಾಡಿಲ್ಲ."

"ಮತ್ತೆ ಮತ್ತೆ ಮಾಡಿದೀನಿ ಸಾರ್. ಪ್ರತಿ ಸಲಾನೂ ಹೀಗೇ ಬರ್ತಿದೆ."

"ಸರಿ, ಇನ್ನೊಂದು ಇದೇನು?"

"ಬ್ಯಾಕ್ಟೀರಿಯಾ ಸಾರ್. ಇದನ್ನ ಹಣ್ಣಿನ ಮೇಲೆ ಮೊದಲೇ ಸವರಿದ್ರೆ ಬೂಷ್ಟು ಬರದೇ ಇರಬಹುದು. ನನ್ನ ಥೀಸಿಸ್ ಇದರ ಮೇಲೇ ಮಾಡ್ತೀನಿ."

ಅವರು ಜೋರಾಗಿ ನಕ್ಕರು. ಪಕ್ಕದ ಕೋಣೆಯಲ್ಲಿದ್ದವರಿಗೂ ಕೇಳಲಿ ಎಂಬಂಥ ನಗು. "ಜನಕ್ಕೆ ಬ್ಯಾಕ್ಟೀರಿಯಾ ತಿನ್ಸೋಕೆ ಹೊರಟಿದೀಯೇನಮ್ಮ? ಟೈಫಾಯಿಡ್ಡು, ಕಾಲರಾ ಎಲ್ಲಾ ಅದರಿಂದಲೇ ಬರೋದು ಅಂತ ಹೈಸ್ಕೂಲಲ್ಲಿ ಹೇಳ್ಕೊಟ್ಟಿಲ್ವಾ? ಹೋಗು, ಪುಡಿ ಕೆಲಸ ಮುಗಿಸು."

"ಮೊಸರಲ್ಲೂ ಬ್ಯಾಕ್ಟೀರಿಯಾನೇ ಇರೋದು ಸಾರ್."

ನಗು ನಿಂತಿತು. ಅವರಿಗೆ ಎದುರು ಮಾತಾಡಿ ರೂಢಿ ಇದ್ದವರು ಆ ಕೇಂದ್ರದಲ್ಲಿ ಯಾರೂ ಇರಲಿಲ್ಲ, ಹುಡುಗಿಯರಂತೂ ಇಲ್ಲವೇ ಇಲ್ಲ. ಮುಂದಿನ ವಾರ ಪ್ರಯೋಗದ ಕೋಣೆಗೆ ಬೀಗ ಬಿತ್ತು. ಪುಡಿಯ ಕೆಲಸಕ್ಕೆ ಮಾತ್ರ ಕೀಲಿ ಕೊಡಬೇಕು, ಬೇರೆಯದಕ್ಕೆ ಕೊಡಕೂಡದು ಎಂದು ಆಫೀಸಿನವರಿಗೆ ಹೇಳಿಬಿಟ್ಟಿದ್ದರು.

ನಾನು ಅಳಲಿಲ್ಲ. ಸಿಟ್ಟು ಬಂತು. ಬೀದಿಯ ಬೂಷ್ಟನ್ನೂ ಬ್ಯಾಕ್ಟೀರಿಯಾವನ್ನೂ ಬೀಗ ಬೀಳುವ ಮೊದಲೇ ಒಂದೊಂದು ಔಷಧಿ ಬಾಟಲಿಯಲ್ಲಿ ಮನೆಗೆ ತಂದಿಟ್ಟಿದ್ದೆ. ಮನೆಗೆ ಬಂದು ಅಮ್ಮನನ್ನು ಕೇಳಿದೆ, "ಅಮ್ಮ, ಮಧ್ಯಾಹ್ನದ ಮೇಲೆ ಕುಕ್ಕರ್ ನಂಗೆ ಕೊಡ್ತೀಯಾ?"

ಪ್ರೆಶರ್ ಕುಕ್ಕರಿನ ಹಬೆಯಲ್ಲಿ ಎಲ್ಲ ಬಗೆಯ ಕ್ರಿಮಿಯೂ ಸಾಯುತ್ತದೆ. ಕೇಂದ್ರದಲ್ಲಿದ್ದ ದೊಡ್ಡ ಯಂತ್ರ ಮಾಡುತ್ತಿದ್ದುದೂ ಅದನ್ನೇ. ಆಲೂಗಡ್ಡೆ ಬೇಯಿಸಿ ಸೋಸಿದ ನೀರು, ಒಂದಿಷ್ಟು ಸಕ್ಕರೆ, ಹೆಪ್ಪುಗಟ್ಟಲು ಚೈನಾ ಗ್ರಾಸ್. ಇದಿಷ್ಟು ಸೇರಿದರೆ ಬೂಷ್ಟಿಗೂ ಬ್ಯಾಕ್ಟೀರಿಯಾಕ್ಕೂ ಊಟ ಸಿದ್ಧ. ಸಿಹಿತಿಂಡಿ ಗಟ್ಟಿಯಾಗಲು ಹಾಕುವ ಈ ಚೈನಾ ಗ್ರಾಸ್ ದಿನಸಿ ಅಂಗಡಿಯಲ್ಲಿ ಸಿಗುತ್ತಿತ್ತು. "ಮನೇಲಿ ಏನು ವಿಶೇಷ? ದಿನಾ ಸ್ವೀಟ್ ಮಾಡ್ತಿದೀರಾ?" ಎಂದು ಅಂಗಡಿಯವನು ಅಮ್ಮನನ್ನು ಕೇಳಿದನಂತೆ. ಚಪ್ಪಟೆ ಔಷಧಿ ಬಾಟಲಿಗಳನ್ನು ತೊಳೆದು, ಅವುಗಳನ್ನು ಮಲಗಿಸಿ ಈ ಹೆಪ್ಪನ್ನು ಹುಯ್ದೆ. ಅಟ್ಟದ ಕೆಳಗಿನ ಸಾಮಾನು ಕೋಣೆಯಲ್ಲಿ, ಸ್ಪಿರಿಟ್ ದೀಪ ಹಚ್ಚಿ, ಫ್ಯಾನ್ ಇಲ್ಲದೆ ಬೆವರುತ್ತ ಕೆಲಸ ಮಾಡಿದೆ. ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಸಂಜೆ ಬಂದವರು ಬಾಗಿಲಲ್ಲಿ ನಿಂತು ನೋಡಿ, "ಇದನ್ನೆಲ್ಲ ಆಫೀಸಲ್ಲಿ ಮಾಡೋಕಾಗಲ್ವಾ?" ಎನ್ನುತ್ತಿದ್ದರು.

"ಬೀಗ ಹಾಕಿದಾರೆ ಅಪ್ಪ."

"ಹಾಗಾದ್ರೆ ಅವರು ಹೇಳಿದ್ದು ಮಾಡು. ದೊಡ್ಡೋರು ಹೇಳ್ತಾರೆ ಅಂದ್ರೆ ಏನೋ ಇರುತ್ತೆ."

"ಏನಿದೆ ಅಂತ ಹೇಳಿದ್ರೆ ಕೇಳ್ತಿದ್ದೆ. ಅವರು ಹೇಳ್ತಾನೂ ಇಲ್ವಲ್ಲ."

ಹಣ್ಣಿನ ಮೇಲಿನ ಮೊದಲ ಪ್ರಯೋಗ ಮಣ್ಣು ಮುಕ್ಕಿತು. ಕಿತ್ತಳೆಗಳಿಗೆ ಸೂಜಿಯಿಂದ ಚುಚ್ಚಿ, ಬೂಷ್ಟಿನ ಪುಡಿಯನ್ನೂ ಬ್ಯಾಕ್ಟೀರಿಯಾದ ನೀರನ್ನೂ ಒಟ್ಟಿಗೇ ಬಿಟ್ಟಿದ್ದೆ. ಎಲ್ಲವೂ ಕೊಳೆತವು. ಸಾಮಾನು ಕೋಣೆಯ ವಾಸನೆ ನಡುಮನೆಯನ್ನೂ ದಾಟಿ ಪಕ್ಕದ ಮನೆಯವರೆಗೆ ಹೋಯಿತು. ಗೈಡ್ ಹೇಳಿದ್ದೇ ಸರಿಯಿರಬಹುದೇ ಎಂದು ಒಂದಿಡೀ ಭಾನುವಾರ ಮಂಕಾಗಿ ಕೂತಿದ್ದೆ. ಆಮೇಲೆ, ನಾನು ಕೊಟ್ಟದ್ದು ಔಷಧಿಯಲ್ಲ, ಕಾವಲು ಎಂದು ಹೊಳೆಯಿತು. ಕಾವಲಿನವನು ಕಳ್ಳನಿಗಿಂತ ಮೊದಲು ಬಂದಿರಬೇಕು. ನಮ್ಮೂರಿನ ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯುವ ಹಾಗೆ, ಬ್ಯಾಕ್ಟೀರಿಯಾ ಗಾಯದೊಳಗೆ ಮೊದಲೇ ಕೂತು, ಅಲ್ಲಿರುವ ರಸವನ್ನೆಲ್ಲ ಕುಡಿದು, ತನ್ನ ವಿಷವನ್ನೂ ಸುತ್ತ ಹರಡಿಕೊಂಡಿರಬೇಕು. ಈ ಸಲ ಹಿಂದಿನ ದಿನವೇ ಬ್ಯಾಕ್ಟೀರಿಯಾ ಬಿಟ್ಟೆ, ಮಾರನೆಯ ದಿನ ಬೂಷ್ಟು. ವಾರ ಕಳೆದು ತಟ್ಟೆಯ ಮುಚ್ಚಳ ತೆಗೆದರೆ ಬರಿಯ ನೀರು ಬಿಟ್ಟ ಹಣ್ಣುಗಳು ಹಸಿರು ಉಂಡೆಗಳಾಗಿದ್ದವು. ಬ್ಯಾಕ್ಟೀರಿಯಾ ಬಿಟ್ಟವುಗಳಲ್ಲಿ ಹೆಚ್ಚಿನವು ಸೂಜಿಯ ಗಾಯ ಒಣಗಿ, ಹಾಗೇ ಕೂತಿದ್ದವು.

ಅಮ್ಮನನ್ನು ಕೂಗಿ ತೋರಿಸಿದೆ. ಅವಳು ಒಂದು ಹಣ್ಣು ಎತ್ತಿ, ತಿರುಗಿಸಿ ನೋಡಿ, "ಕುಕ್ಕರಿನ ವಾಷರ್ ಹಾಳಾಗಿದೆ, ನೋಡಿದೆಯಾ?" ಅಂದಳು.

ಇದೇ ಸಮಯಕ್ಕೆ ಬಸವೇಶ್ವರನಗರದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಹುಡುಗ ಬ್ಯಾಂಕಿನಲ್ಲಿದ್ದ. ಅಪ್ಪ ಬೆಳಿಗ್ಗೆಯಿಂದ ಸಾಮಾನು ಕೋಣೆಯ ಬಾಗಿಲಿಗೆ ಹಳೆಯ ಸೀರೆ ತುರುಕಿ, ಮನೆತುಂಬ ಊದುಬತ್ತಿ ಹಚ್ಚಿಸಿದ್ದರು. ಆದರೂ ಕೇಸರಿಬಾತಿನ ತಟ್ಟೆ ಕೈಗೆ ಬರುವಷ್ಟರಲ್ಲಿ ಹುಡುಗನ ತಾಯಿಯ ಮೂಗು ಅರಳಿತು.

"ಏನೋ ವಾಸನೆ ಬರ್ತಿದೆಯಲ್ಲ?"

"ಕಿತ್ತಳೆ ಬೂಷ್ಟು," ಅಂದೆ. ಅಪ್ಪ ಕಣ್ಣಲ್ಲೇ ಗದರಿದರು. ಹುಡುಗ ಕೇಳಿದ, ನಾನು ವಿವರಿಸಿದೆ. ಅವನು ಒಳ್ಳೆಯವನೇ, ಗಮನವಿಟ್ಟು ಕೇಳಿದ. ಕೊನೆಗೆ, "ಮದುವೆ ಆದ್ಮೇಲೆ ಇದೆಲ್ಲ ಇರಲ್ಲ ಅಲ್ವಾ?" ಅಂದ.

"ಇರುತ್ತೆ."

"ಮನೇಲಿ?"

"ಆಫೀಸಲ್ಲಿ ಬೀಗ ತೆಗೆದ್ರೆ ಅಲ್ಲಿ. ಇಲ್ಲಾಂದ್ರೆ ಮನೇಲೇ."

ಅವನ ತಾಯಿ ತಟ್ಟೆ ಕೆಳಗಿಟ್ಟರು. ಕ್ರಿಮಿ ಸಾಕುವ ಹುಡುಗಿಯನ್ನು ಅಡುಗೆಮನೆಗೆ ಹೇಗೆ ಬಿಟ್ಟುಕೊಳ್ಳುವುದು ಎಂದು ಆಮೇಲೆ ಯಾರ ಬಳಿಯೋ ಹೇಳಿದರಂತೆ. ಅವರು ಗೇಟು ದಾಟಿದ ಮೇಲೆ ಅಪ್ಪ ನನ್ನೊಡನೆ ಮಾತು ಬಿಟ್ಟರು. ಅಮ್ಮ ಮಾತ್ರ ಉಳಿದ ಕೇಸರಿಬಾತನ್ನು ನನ್ನ ಮುಂದೆ ಇಟ್ಟು ತಾನೂ ಕೂತು ತಿಂದಳು. "ಇರುತ್ತೆ ಅಂತ ಅಷ್ಟು ಜೋರಾಗಿ ಹೇಳಬೇಕಿತ್ತೇನೇ?" ಎಂದು ಕೇಳಿದಳು. "ಹೌದು," ಅಂದೆ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಮರುದಿನ ಹೊಸ ವಾಷರ್ ತಂದು ಕುಕ್ಕರಿಗೆ ಹಾಕಿದಳು.

ತಟ್ಟೆಯಲ್ಲಿ ಗೆದ್ದದ್ದು ಕುಕ್ಕೆಯಲ್ಲೂ ಗೆಲ್ಲುತ್ತದೆಯೇ? ಅದನ್ನು ನೋಡಲು ಹೊಸಹಳ್ಳಿಯ ಅಕ್ಕನ ಬಳಿಗೇ ಹೋದೆ. ಒಂದು ಕುಕ್ಕೆ ಹಣ್ಣನ್ನು ನನ್ನ ನೀರಿನಲ್ಲಿ ಅದ್ದಿ ಒಣಗಿಸಿ ಕೊಡುತ್ತೇನೆ, ಇನ್ನೊಂದು ಕುಕ್ಕೆ ಹಾಗೇ ಇರಲಿ, ಎರಡನ್ನೂ ಪಕ್ಕಪಕ್ಕ ಇಟ್ಟುನೋಡೋಣ ಎಂದೆ.

"ಅದರಲ್ಲಿ ಏನೈತೆ?"

ಸುಳ್ಳು ಹೇಳಬಹುದಿತ್ತು. "ಬ್ಯಾಕ್ಟೀರಿಯಾ ಅಕ್ಕ. ಕಣ್ಣಿಗೆ ಕಾಣದ ಜೀವ. ಮಣ್ಣಲ್ಲಿ, ಎಲೆ ಮೇಲೆ, ಹಣ್ಣಿನ ಮೇಲೆ ಎಲ್ಲಾ ಕಡೆ ಇರುತ್ತೆ. ನಿಮ್ಮ ಕುಕ್ಕೇಲೇ ಸಿಕ್ಕಿದ್ದು."

"ಜನ ತಿಂದು ಹೆಚ್ಚುಕಮ್ಮಿ ಆದ್ರೆ ಬೈಸ್ಕೊಳ್ಳೋದು ನೀನಲ್ಲ, ನಾನು. ಒಂದು ಕೆಲಸ ಮಾಡು. ದಿನಾ ಇಲ್ಲಿ ಬಂದು, ನನ್ನ ಕಣ್ಣ ಮುಂದೆ ನೀನು ಅದ್ದಿದ ಹಣ್ಣನ್ನ ನೀನೇ ತಿನ್ನು. ನಿಂಗೇನೂ ಆಗ್ಲಿಲ್ಲ ಅಂದ್ರೆ ಆಮೇಲೆ ಮಾತಾಡೋಣ."

ನ್ಯಾಯವಾದ ಮಾತು. ಆಕೆಯ ಅಂಗಡಿಯ ಮುಂದೆ, ಬಸ್ಸಿಗೆ ಕಾಯುವವರ ಎದುರಿಗೆ, ದಿನವೂ ನಿಂತು ಕಿತ್ತಳೆ ತಿಂದೆ. ಸುಲಿಯುವ ಮೊದಲು ಸಿಪ್ಪೆಯನ್ನು ನೆಕ್ಕಿ ಕೂಡ ತೋರಿಸಿದೆ. ಅದನ್ನು ಆಕೆ ಕೇಳಿರಲಿಲ್ಲ, ನನ್ನ ಹಠಕ್ಕೆ ನಾನೇ ಮಾಡಿದ್ದು. ನೋಡಿದವರು ನನಗೇನೋ ಆಗಿದೆ ಎಂದುಕೊಂಡಿರಬೇಕು. ಕೆಮ್ಮು ಕೂಡ ಬರಲಿಲ್ಲ. ಒಂದು ದಿನ ಆಕೆಯೇ ಒಂದು ಹಣ್ಣು ಸುಲಿದು, ಅರ್ಧ ನನಗೆ ಕೊಟ್ಟು ಅರ್ಧ ತಾನು ತಿಂದಳು. "ಸರಿ, ಕುಕ್ಕೆ ತಗೊಂಡು ಹೋಗು," ಅಂದಳು.

ಕುಕ್ಕೆಯ ಫಲಿತಾಂಶ ತಟ್ಟೆಯಷ್ಟು ಚೊಕ್ಕವಾಗಿರಲಿಲ್ಲ. ಹಾಗೇ ಇಟ್ಟದ್ದರಲ್ಲಿ ಸುಮಾರು ಅರ್ಧ ಕೊಳೆಯಿತು. ನನ್ನದರಲ್ಲಿ ಕೊಳೆತದ್ದು ಕಡಿಮೆ, ಆದರೆ ಕೊಳೆಯದೆ ಇರಲಿಲ್ಲ. ಮಂಡಿಯಿಂದ ಬರುವಾಗಲೇ ಒಳಗೆ ಬೂಷ್ಟು ಸೇರಿಕೊಂಡಿದ್ದ ಹಣ್ಣುಗಳನ್ನು ಯಾವ ಕಾವಲೂ ಉಳಿಸಲಾರದು.

"ಇಷ್ಟೇನಾ? ಎಲ್ಲಾ ಉಳಿಯುತ್ತೆ ಅಂತಿದ್ದೆ?"

"ಎಲ್ಲಾ ಅಂತ ನಾನು ಯಾವತ್ತೂ ಹೇಳಿಲ್ಲ ಅಕ್ಕ."

ಆಕೆ ಎರಡು ಕುಕ್ಕೆಗಳನ್ನೂ ಬಗ್ಗಿ ನೋಡಿದಳು. "ಹೇಳಿಲ್ಲ, ನಿಜ," ಅಂದಳು. ಆಮೇಲೆ ಒಂದು ಮಾತು ಸೇರಿಸಿದಳು. "ಒಣಗೋದು ನಿಧಾನ ಆಗ್ತೈತೆ. ಒದ್ದೆ ಇದ್ರೆ ಗಿರಾಕಿ ಮುಟ್ಟಲ್ಲ, ಹಳೇದು ಅಂತಾರೆ. ಅದೊಂದು ಸರಿಮಾಡು, ಮುಂದಿನ ಕುಕ್ಕೆ ಕೊಡ್ತೀನಿ." ಮುಂದಿನವುಗಳನ್ನು ನಮ್ಮ ಮನೆಯ ಮಹಡಿಯ ಮೇಲೆ, ಮಂಚದ ನವಾರಿನ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಿದೆ. ಆ ಚಳಿಗಾಲ ಮುಗಿಯುವವರೆಗೆ ಆಕೆ ಕುಕ್ಕೆ ಕೊಡುತ್ತಲೇ ಇದ್ದಳು.

ಬೇಸಿಗೆಯ ಹೊತ್ತಿಗೆ ಕೇಂದ್ರದಲ್ಲಿ ವರ್ಷದ ಪರಿಶೀಲನೆಯ ಸಭೆ ಬಂತು. ನಿರ್ದೇಶಕರು, ನನ್ನ ಗೈಡ್, ಹೊರಗಿನಿಂದ ಬಂದಿದ್ದ ಒಬ್ಬ ಹಿರಿಯ ಸಸ್ಯಶಾಸ್ತ್ರದ ಮೇಡಂ ಮುಂದಿನ ಸಾಲಿನಲ್ಲಿದ್ದರು. ಮೇಡಂ ರಾಜಾಜಿನಗರದ ಕಡೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದರು. ನಾನು ಅವರನ್ನು ಅವತ್ತೇ ಮೊದಲು ನೋಡಿದ್ದು. ಪುಡಿಯ ಫಲಿತಾಂಶ ಹೇಳಿ ಕೂತುಕೋ ಎಂದು ಗೈಡ್ ಮೊದಲೇ ಎಚ್ಚರಿಸಿದ್ದರು. ಅದನ್ನು ಹೇಳಿದೆ. ಆಮೇಲೆ ಕೂರಲಿಲ್ಲ. ಚೀಲದಿಂದ ಔಷಧಿ ಬಾಟಲಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು, "ಇದು ಕೇಂದ್ರದ ಬೂಷ್ಟಿನ ಕಥೆ. ಬೀದಿ ಬೂಷ್ಟಿಂದು ಬೇರೆ ಇದೆ," ಎಂದು ಶುರುಮಾಡಿದೆ.

ಗೈಡ್ ಎದ್ದು ನಿಂತರು. "ಸಾರ್, ಇದಕ್ಕೂ ಕೇಂದ್ರಕ್ಕೂ ಸಂಬಂಧ ಇಲ್ಲ. ಈ ಹುಡುಗಿ ಅಡುಗೆಮನೇಲಿ ಕುಕ್ಕರ್ ಇಟ್ಕೊಂಡು ಮಾಡಿರೋದು. ಇದಕ್ಕೇನು ಬೆಲೆ?"

ಯಾರೋ ನಕ್ಕರು. ನಾನು ಗೈಡ್ ಕಡೆಗೇ ತಿರುಗಿದೆ.

"ಹೌದು ಸಾರ್, ಅಡುಗೆಮನೇಲೇ ಮಾಡಿದ್ದು. ಇಲ್ಲಿ ಬೀಗ ಹಾಕಿಸಿದ್ರಲ್ಲ. ಈಗ ಬೀಗ ತೆಗೆಸಿ. ಎಲ್ಲರ ಮುಂದೆ ಇಲ್ಲೇ ಮಾಡೋಣ. ಹಣ್ಣು ನೀವೇ ತರಿಸಿ, ಗಾಯ ನೀವೇ ಮಾಡಿ. ಯಾವ ಹಣ್ಣಿಗೆ ಏನು ಹಾಕಿದಾರೆ ಅನ್ನೋದು ನನಗೂ ತಿಳಿಯೋದು ಬೇಡ, ನಿಮಗೂ ತಿಳಿಯೋದು ಬೇಡ."

ನಿರ್ದೇಶಕರು ಗೈಡ್ ಮುಖ ನೋಡಿದರು. ಗೈಡ್ ಕಿಟಕಿಯ ಕಡೆ ನೋಡಿದರು. ಮಾತಾಡಿದ್ದು ಮೇಡಂ. "ಕೇಳ್ತಿರೋದು ನ್ಯಾಯವಾಗಿದೆ. ಹಣ್ಣಿಗೆ ಹಾಕೋ ಕೆಲಸ ನಾನು ಮಾಡ್ತೀನಿ. ಇವರಿಬ್ರೂ ಹೊರಗಿರಲಿ."

ಅವರು ಮಾತಿನಂತೆ ಬಂದರು. ಪೇಟೆಯಿಂದ ಹಣ್ಣು ತರಿಸಿದರು. ನೀರು, ಪುಡಿ ಕಲಸಿದ ನೀರು, ನನ್ನ ಬ್ಯಾಕ್ಟೀರಿಯಾದ ನೀರು, ಮೂರನ್ನೂ ಒಂದೇ ಬಗೆಯ ಬಾಟಲಿಗೆ ತುಂಬಿ, ತಟ್ಟೆಗಳಿಗೆ ಬೇರೆ ಬೇರೆ ಬಣ್ಣದ ಉಲ್ಲನ್ ದಾರ ಕಟ್ಟಿದರು. ಯಾವ ಬಣ್ಣ ಯಾವುದಕ್ಕೆ ಎಂಬುದು ಅವರೊಬ್ಬರಿಗೇ ಗೊತ್ತು. ಕೇಂದ್ರದ ಬೂಷ್ಟನ್ನೇ ಬಳಸಬೇಕು ಎಂದು ಗೈಡ್ ಪಟ್ಟುಹಿಡಿದರು. ಬೀದಿಯ ಬೂಷ್ಟು ಬೇಕೇ ಬೇಕು ಎಂದು ನಾನು ಪಟ್ಟುಹಿಡಿದೆ. ಮೇಡಂ ಮಾರನೆಯ ದಿನ ಎರಡನ್ನೂ ಬೇರೆ ಬೇರೆ ತಟ್ಟೆಗಳ ಹಣ್ಣಿಗೆ ಹಾಕಿದರು. ಆ ವಾರವೆಲ್ಲ ನನಗೂ ಗೈಡ್‌ಗೂ ಆ ಕೋಣೆಯೊಳಗೆ ಪ್ರವೇಶವಿರಲಿಲ್ಲ. ಜಗಲಿಯಲ್ಲಿ ಎದುರಾದರೆ ಇಬ್ಬರೂ ಬೇರೆ ಕಡೆ ನೋಡಿಕೊಂಡು ಹೋಗುತ್ತಿದ್ದೆವು.

ಮುಚ್ಚಳ ತೆಗೆದ ದಿನ ಎಲ್ಲರೂ ಸೇರಿದ್ದರು. ಮೊದಲು ಕೇಂದ್ರದ ಬೂಷ್ಟಿನ ತಟ್ಟೆಗಳು. ಹಳದಿ ದಾರದವು ಪೂರ್ತಿ ಹಸಿರಾಗಿದ್ದವು. ಕೆಂಪು ದಾರದವು ಒಂದೂ ಕೊಳೆತಿರಲಿಲ್ಲ. ನೀಲಿ ದಾರದವುಗಳಲ್ಲಿ ಕೆಲವು ಮಾತ್ರ ಕೊಳೆತಿದ್ದವು. ಹಳದಿ ಬರಿಯ ನೀರು ಎಂಬುದು ಎಲ್ಲರಿಗೂ ತಿಳಿಯಿತು. ಕೆಂಪು ಯಾವುದು?

"ಕೆಂಪು, ಪುಡಿ," ಅಂದರು ಮೇಡಂ. ಗೈಡ್ ಮುಖ ಅರಳಿತು. "ನಾನು ಹೇಳ್ಲಿಲ್ವಾ?" ಎಂದು ನಿರ್ದೇಶಕರ ಕಡೆ ತಿರುಗಿದರು.

"ಇನ್ನೂ ಮುಗಿದಿಲ್ಲ," ಎಂದು ಮೇಡಂ ಬೀದಿಯ ಬೂಷ್ಟಿನ ತಟ್ಟೆಗಳನ್ನು ಮುಂದಕ್ಕೆಳೆದರು. ಹಳದಿಯೂ ಹಸಿರು, ಕೆಂಪೂ ಹಸಿರು. ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ನೀಲಿ ದಾರದ ತಟ್ಟೆಯಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಕೊಳೆತ ಹಣ್ಣು ಬಿಟ್ಟರೆ ಉಳಿದವು ಕಿತ್ತಳೆ ಬಣ್ಣದಲ್ಲೇ ಹೊಳೆಯುತ್ತಿದ್ದವು. ಗೈಡ್ ನೀಲಿ ತಟ್ಟೆಯಿಂದ ಕೊಳೆತ ಹಣ್ಣೊಂದನ್ನು ಎತ್ತಿ ಹಿಡಿದು, "ಇದೇನು? ಇದೂ ಕೊಳೆತಿದೆಯಲ್ಲ?" ಅಂದರು.

"ಕೊಳೆತಿದೆ ಸಾರ್. ಅದನ್ನೂ ಥೀಸಿಸ್‌ನಲ್ಲಿ ಬರೀತೀನಿ. ನೀವು ಆ ಕೆಂಪು ತಟ್ಟೇನ ಕಂಪನಿಗೆ ತೋರಿಸ್ತೀರಾ?"

ಗೆದ್ದೆ ಎಂದುಕೊಂಡೇ ಮನೆಗೆ ಹೋದೆ. ಅದು ತಪ್ಪು ಲೆಕ್ಕ. ಎರಡು ದಿನ ಬಿಟ್ಟು ನಿರ್ದೇಶಕರು ಕೋಣೆಗೆ ಕರೆದರು. ಕೆಟ್ಟವರಲ್ಲ, ಮಗಳಿಗೆ ಹೇಳುವ ಹಾಗೆ ಹೇಳಿದರು. ಪುಡಿಯ ಕಂಪನಿಯಿಂದಲೇ ಕೇಂದ್ರಕ್ಕೆ ಉಪಕರಣಗಳೆಲ್ಲ ಬಂದಿವೆ. ಸಭೆಯಲ್ಲಿ ಗೈಡ್‌ಗೆ ಅವಮಾನವಾಗಿದೆ. ತಪ್ಪಾಯಿತು ಎಂದು ಒಂದು ಮಾತು ಬರೆದುಕೊಟ್ಟು, ಪುಡಿಯ ಮೇಲೆಯೇ ಥೀಸಿಸ್ ಮುಗಿಸಿದರೆ ಎಲ್ಲರಿಗೂ ಒಳ್ಳೆಯದು.

"ಏನು ತಪ್ಪು ಅಂತ ಬರೀಲಿ ಸಾರ್?"

"ಅದೇ, ಎಲ್ಲರ ಮುಂದೆ ಮಾತಾಡಿದ್ದು."

"ಒಬ್ಬರೇ ಇದ್ದಾಗ ಹೇಳಿದ್ದೆ ಸಾರ್. ಆಗ ಬೀಗ ಹಾಕಿದ್ರು."

ಅವರು ಪೆನ್ನನ್ನು ಮೇಜಿನ ಮೇಲೆ ಉರುಳಿಸುತ್ತ ಕೂತರು. "ಹಾಗಾದ್ರೆ ಇಲ್ಲಿ ನಿನಗೆ ಕಷ್ಟ ಆಗುತ್ತಮ್ಮ," ಅಂದರು.

"ಇಲ್ಲಿ ಇರಲ್ಲ ಸಾರ್." ಹಾಗೆ ಹೇಳಿದ ಮೇಲೆ ಎಲ್ಲಿಗೆ ಹೋಗುವುದು ಎಂಬುದು ನನಗೇ ಗೊತ್ತಿರಲಿಲ್ಲ. ಬೇರೆ ಕೇಂದ್ರವಿರಲಿಲ್ಲ, ಬೇರೆ ಗೈಡ್ ಇರಲಿಲ್ಲ, ಮನೆಯಲ್ಲಿ ಅಪ್ಪ ಮಾತಾಡುತ್ತಿರಲಿಲ್ಲ. ಆದರೂ ಬಸ್ ಸ್ಟಾಪಿಗೆ ನಡೆಯುವಾಗ ಹೆಗಲ ಮೇಲಿಂದ ಏನೋ ಇಳಿದ ಹಾಗಿತ್ತು. ಕೇಂದ್ರದ ಒಂದು ಬಾಟಲಿಯನ್ನೂ ನಾನು ಮುಟ್ಟಲಿಲ್ಲ. ನನ್ನ ಬ್ಯಾಕ್ಟೀರಿಯಾ ಹೇಗೂ ನಮ್ಮ ಮನೆಯಲ್ಲೇ ಇತ್ತು.

ಅಪ್ಪನಿಗೆ ಅವತ್ತೇ ಎಲ್ಲವನ್ನೂ ಹೇಳಿದೆ, ಅವರು ಕೇಳಲಿ ಬಿಡಲಿ ಎಂದು. ಪೇಪರ್ ಹಿಡಿದು ಕೂತಿದ್ದವರು ಪೇಪರ್ ಇಳಿಸದೆ, "ಕ್ಷಮೆ ಬರ್ಕೊಟ್ಟಿದ್ರೆ ಏನಾಗ್ತಿತ್ತು?" ಎಂದು ಕೇಳಿದರು. ಬಹಳ ದಿನಗಳ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮಾತು.

"ನೀವಾಗಿದ್ರೆ ಬರ್ಕೊಡ್ತಿದ್ರಾ?"

ಅಪ್ಪ ಪೇಪರಿನ ಹಾಳೆ ತಿರುವಿದರು. "ನಾನು ಬರ್ಕೊಟ್ಟಿದೀನಿ," ಅಂದರು. "ಒಂದು ಸಲ. ಫ್ಯಾಕ್ಟರೀಲಿ." ಆಮೇಲೆ ಪೇಪರ್ ಮಡಿಸಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಬರುವಾಗ ಅವರ ಕೈಯಲ್ಲಿ ಒಂದು ಚೀಲ ಆಲೂಗಡ್ಡೆ ಇತ್ತು.

ಮೇಡಂ ಮನೆಯನ್ನು ಹುಡುಕಿಕೊಂಡು ರಾಜಾಜಿನಗರಕ್ಕೆ ಹೋದೆ. ಬಾಗಿಲು ತೆಗೆದವರು ನನ್ನನ್ನು ನೋಡಿ, "ಬರ್ತೀಯ ಅಂತ ಗೊತ್ತಿತ್ತು. ಕೂತ್ಕೋ," ಅಂದರು. ತಮ್ಮ ಕೈಕೆಳಗೆ ಹೊಸದಾಗಿ ಸೇರಿಸಿಕೊಂಡರು. ಮೊದಲಿನಿಂದ ಎಲ್ಲವನ್ನೂ ಮತ್ತೆ ಮಾಡಬೇಕಾಯಿತು. ವರ್ಷಗಳು ಹೋದವು. ಜೊತೆಯಲ್ಲಿ ಸೇರಿದವರೆಲ್ಲ ಡಾಕ್ಟರ್ ಆಗಿ, ಕೆಲಸಕ್ಕೆ ಸೇರಿ, ಮಕ್ಕಳ ನಾಮಕರಣಕ್ಕೂ ಕರೆದರು. ನಾನಿನ್ನೂ ಕಿತ್ತಳೆಗೆ ಸೂಜಿ ಚುಚ್ಚುತ್ತಿದ್ದೆ. ನೆಂಟರು ಬಂದಾಗ, "ಇನ್ನೂ ಓದ್ತಾನೇ ಇದಾಳಾ?" ಎಂದು ಅಮ್ಮನನ್ನು ಕೇಳುತ್ತಿದ್ದರು. "ಓದ್ತಿಲ್ಲ, ಕಂಡುಹಿಡೀತಿದಾಳೆ," ಎಂದು ಅಮ್ಮ ಹೇಳಿದ್ದನ್ನು ಒಮ್ಮೆ ಒಳಗಿನಿಂದ ಕೇಳಿಸಿಕೊಂಡೆ.

ನನ್ನ ಬ್ಯಾಕ್ಟೀರಿಯಾ ಮಾರುಕಟ್ಟೆಗೆ ಹೋಗಲಿಲ್ಲ. ಅದನ್ನು ತಯಾರಿಸುತ್ತೇವೆ ಎಂದು ಆಗ ಯಾರೂ ಮುಂದೆ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅದೇ ಜಾತಿಯ ಬ್ಯಾಕ್ಟೀರಿಯಾವನ್ನು ಯಾರು ಯಾರೋ ಡಬ್ಬಿಯಲ್ಲಿ ತುಂಬಿ ಮಾರತೊಡಗಿದರು. ಗೊಬ್ಬರದಂಗಡಿಯಲ್ಲಿ ಅಂಥ ಡಬ್ಬಿ ಮೊದಲ ಸಲ ಕಂಡಾಗ ಬೇಸರವಾಗಲಿಲ್ಲ. ಅಂಗಡಿಯವನು, "ಇದು ಬ್ಯಾಕ್ಟೀರಿಯಾ ಮೇಡಂ, ಆದ್ರೆ ಒಳ್ಳೇದು, ಹೆದರ್ಕೋಬೇಡಿ," ಎಂದು ನನಗೆ ತಿಳಿಸಿ ಹೇಳಿದ. ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡೆ.

ಆದರೆ ಅದಕ್ಕಿಂತ ಬಹಳ ಮೊದಲು, ಆ ದಶಕದ ಕೊನೆಯಲ್ಲಿ, ನನ್ನ ವೈವಾ ನಡೆಯಿತು. ಅದು ಯಾರು ಬೇಕಾದರೂ ಬಂದು ಕೂರಬಹುದಾದ ಮೌಖಿಕ ಪರೀಕ್ಷೆ. ಹೊರಗಿನ ಪರೀಕ್ಷಕರ ಪ್ರಶ್ನೆಗಳೆಲ್ಲ ಮುಗಿದು, ಸಭೆಯಲ್ಲಿ ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದಾಗ ಕೊನೆಯ ಸಾಲಿನಿಂದ ಒಂದು ಕೈ ಮೇಲೆದ್ದಿತು. ನನ್ನ ಹಳೆಯ ಗೈಡ್. ಅವರು ಯಾವಾಗ ಬಂದು ಕೂತರೋ ನಾನು ನೋಡಿರಲಿಲ್ಲ.

"ಈ ಬ್ಯಾಕ್ಟೀರಿಯಾ ಎಲ್ಲಾ ಹಣ್ಣನ್ನೂ ಉಳಿಸುತ್ತೆ ಅಂತ ಗ್ಯಾರಂಟಿ ಕೊಡ್ತೀರಾ?" ಎಂದು ಕೇಳಿದರು. ಈ ಸಲ ಬಹುವಚನ.

"ಇಲ್ಲ ಸಾರ್. ಮೊದಲೇ ಬೂಷ್ಟು ಸೇರಿರೋ ಹಣ್ಣನ್ನ ಉಳಿಸಲ್ಲ. ಥಂಡಿ ಕೋಣೇಲಿ ಇಟ್ರೆ ಇದರ ಕೆಲಸ ನಿಧಾನ ಆಗುತ್ತೆ. ಮಾವಿನ ಹಣ್ಣಿನ ಮೇಲೆ ನನಗೆ ಸರಿಯಾಗಿ ಬರಲಿಲ್ಲ. ಎಲ್ಲಾ ಬರೆದಿದೀನಿ."

"ಹಾಗಾದ್ರೆ ಇದರಿಂದ ಏನು ಉಪಯೋಗ?"

"ಕೊಳೆಯೋದು ಕಮ್ಮಿ ಆಗುತ್ತೆ ಸಾರ್. ಪುಡಿ ಕೆಲಸ ಮಾಡದ ಕಡೆಯಲ್ಲೂ ಕಮ್ಮಿ ಆಗುತ್ತೆ. ಅಷ್ಟೇ ನಾನು ಹೇಳಿರೋದು. ಅದು ತಪ್ಪು ಅಂತ ಇವತ್ತಿಗೂ ಯಾರೂ ತೋರಿಸಿಲ್ಲ. ನೀವು ತೋರಿಸೋದಾದ್ರೆ ನಾನು ಈಗಲೂ ತಯಾರಿದೀನಿ."

ಅವರು ಕೂತುಕೊಂಡರು. ಪರೀಕ್ಷಕರು ಒಪ್ಪಿದರು, ಚಪ್ಪಾಳೆ ಬಿತ್ತು, ಮೇಡಂ ಬಂದು ನನ್ನ ಬೆನ್ನಿನ ಮೇಲೆ ಜೋರಾಗಿಯೇ ಒಂದು ಕೊಟ್ಟರು. ಪಡಸಾಲೆಯಲ್ಲಿ ಎಲ್ಲರಿಗೂ ಬೋಂಡಾ, ಕಾಫಿ ಇಟ್ಟಿದ್ದರು. ಹಳೆಯ ಗೈಡ್ ಕಾಫಿಗೆ ನಿಲ್ಲದೆ ಮೆಟ್ಟಿಲಿಳಿದು ಹೋಗುತ್ತಿದ್ದರು. ಅವರ ಹಿಂದೆ ಹೋಗಿ ಏನಾದರೂ ಹೇಳಬೇಕೆಂದು ನನ್ನ ಪಕ್ಕದಲ್ಲಿದ್ದವರು ಮೊಣಕೈಯಿಂದ ತಿವಿದರು. ನಾನು ಇದ್ದಲ್ಲೇ ನಿಂತು ಇನ್ನೊಂದು ಬೋಂಡಾ ತೆಗೆದುಕೊಂಡೆ.